ಇಬ್ಬರ ಡೇರೆ

"ಗಾಳಿ ಹಿಡಿಯಾಕ ಬಂದೀನ್ರಿ."

ಬಾಗಿಲಲ್ಲಿ ನಿಂತವನ ಬಾಯಿಂದ ಆ ಮಾತು ಬಿದ್ದದ್ದೇ ತಡ, ಗಾಳೆಮ್ಮನ ಕೈಯ ದಬ್ಬಳ ತಾಡಪಾಲಿನೊಳಗೆ ಅರ್ಧಕ್ಕೇ ನಿಂತುಬಿಟ್ಟಿತು.

ಆಷಾಢದ ಮಧ್ಯಾಹ್ನ. ಕೂಡ್ಲಿಗಿಯ ಹೈವೇ ಮೇಲೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಓಡುತ್ತಿದ್ದವು. ಆ ಧೂಳಿನೊಳಗಿಂದಲೇ ಎದ್ದು ಬಂದವನ ಹಾಗೆ ನಿಂತಿದ್ದ ಅವನು. ಎತ್ತರದ ಆಳು. ಭುಜದ ಮೇಲೆ ಉದ್ದನೆಯ ಸುರುಳಿ, ಬೆನ್ನಿಗೆ ಚೀಲ, ನಿದ್ದೆಗೆಟ್ಟು ಕೆಂಪಾದ ಕಣ್ಣು.

ಇವನೇನಾ?

ಸೋದರಮಾವ ಜಂಬಯ್ಯ ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದ. "ಕೊಟ್ಟೂರ ಕಡಿಯಿಂದ ಗಾಳಿ ಬಿಡಿಸೋರು ಒಬ್ರು ಬರ್ತಾರ. ನಿಮ್ಮವ್ವನ್ನ ತೋರ್ಸು. ಎದುರು ಮಾತಾಡಬ್ಯಾಡ!"

ನಮ್ಮ ಕಡೆ ಗಾಳಿ ಅಂದರೆ ಬೀಸುವ ಗಾಳಿಯೂ ಹೌದು, ಸೋಕುವ ಗಾಳಿಯೂ ಹೌದು. ಮೊದಲನೆಯದು ಮರ ಬೀಳಿಸುತ್ತದೆ, ಎರಡನೆಯದು ಮನೆ ಬೀಳಿಸುತ್ತದೆ. ಗಾಳೆಮ್ಮನ ಮನೆಗೆ ಎರಡನೆಯದು ಹೊಕ್ಕು ಆರು ವರ್ಷವಾಯಿತು ಅಂತ ಓಣಿಯವರೆಲ್ಲ ನಂಬಿದ್ದರು.

ಅವಳಪ್ಪ ಎರ್ರೆಪ್ಪ ಲಾರಿಗಳಿಗೆ ತಾಡಪಾಲು ಹೊಲಿಯುವುದರಲ್ಲಿ ಸುತ್ತಮುತ್ತ ಹೆಸರಾದವನು. ರಸ್ತೆ ಅಳತೆಯವರು ಯಾರೋ ದೊಡ್ಡದೊಂದು ಡೇರೆ ಹೊಲಿಸಿದ್ದರು. ಅದನ್ನು ಕಟ್ಟಿಕೊಡಲು ಅವನೇ ಕರಿಗಲ್ಲ ಗುಡ್ಡ ಹತ್ತಿದ. ಕಟ್ಟುವಷ್ಟರಲ್ಲಿ ಕತ್ತಲಾಗಿ, ಒಬ್ಬನೇ ಅದರಲ್ಲೇ ಮಲಗಿದ. ಅಂದು ರಾತ್ರಿ ಆಷಾಢದ ಗಾಳಿ, ಮಳೆ. ಬೆಳಿಗ್ಗೆ ನೋಡಿದರೆ ಡೇರೆ ಬಿದ್ದಿತ್ತು. ಅದರ ಅಡಿಯಲ್ಲಿ ಎರ್ರೆಪ್ಪ ಇದ್ದ. ಉಸಿರಿರಲಿಲ್ಲ.

ಅಂದಿನಿಂದ ತಾಯಿ ಲಕ್ಷ್ಮಿದೇವಿ ಮಾತು ಬಿಟ್ಟಿದ್ದಳು. ಹಸಿವಾದರೂ ಹೇಳುತ್ತಿರಲಿಲ್ಲ. ಗಾಳಿ ಬಂದ ದಿನ ಮಾತ್ರ ಗೋಡೆ ಕಡೆ ತಿರುಗಿ ಮಲಗಿ ಸಣ್ಣಗೆ ನಡುಗುತ್ತಿದ್ದಳು. ಆಗ ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಗಾಳೆಮ್ಮ ಪುಸ್ತಕ ಕಟ್ಟಿಟ್ಟು ಊರಿಗೆ ಬಂದಳು. ಅಪ್ಪನ ಹಳೆಯ ತಾಡಪಾಲುಗಳ ಹೊಲಿಗೆ ಬಿಚ್ಚಿ ನೋಡಿ ನೋಡಿ ತಾನೇ ಕೆಲಸ ಕಲಿತಳು.

"ಬರ್ರಿ... ಒಳಗ ಬರ್ರಿ," ಅಂದಳು ಗಾಳೆಮ್ಮ.

ಅವನು ಅಂಗಡಿಯೊಳಗೆ ಕಾಲಿಟ್ಟ. ಅವಳು ಅಲ್ಲಿ ನಿಲ್ಲದೆ ಒಳಮನೆಗೆ ನಡೆದಳು. ಅವನು ಅನುಮಾನಿಸುತ್ತ ಹಿಂದೆ ಬಂದ.

"ಅವ್ವಾ, ಗಾಳಿ ನೋಡೋರು ಬಂದಾರ."

ಲಕ್ಷ್ಮಿದೇವಿ ಮೆಲ್ಲಗೆ ತಿರುಗಿದಳು. ಬಂದವನ ಮುಖವನ್ನು ನೋಡಲಿಲ್ಲ. ಅವನ ಭುಜದ ಮೇಲಿದ್ದ ಸುರುಳಿಯನ್ನೇ ನೋಡಿದಳು. ಕ್ಯಾನ್ವಾಸಿನ ಸುರುಳಿ... ಕಬ್ಬಿಣದ ಪೈಪು...

"ಯಾವ ಗುಡ್ಡ?"

ಗಾಳೆಮ್ಮ ಬೆಚ್ಚಿ ಮಂಚದ ಕಡೆ ತಿರುಗಿದಳು. ಅವ್ವ ತಾನಾಗಿ ಬಾಯಿ ತೆರೆದಿದ್ದಳು!

"ಕರಿಗಲ್ಲ ಗುಡ್ಡ ರಿ, ಅವ್ವಾರ," ಅಂದ ಅವನು ಗಾಬರಿಯಿಂದ.

ಲಕ್ಷ್ಮಿದೇವಿ ಎದ್ದು ಕೂತಳು. ಆ ಸುರುಳಿಯ ಮೇಲೆ ಬೆರಳಾಡಿಸಿದಳು.

"ಭಾರಾದದ್ದು ಬೀಳತೈತಿ..." ಅಂದಳು. ಸ್ವಲ್ಪ ತಡೆದು, "ಹಗುರಾದದ್ದು ಹಾರತೈತಿ..."

ತುಟಿ ಇನ್ನೊಮ್ಮೆ ಅಲುಗಿತು. ಮೂರನೆಯದೇನೋ ಬಾಯಿಗೆ ಬಂದ ಹಾಗಿತ್ತು. ಆದರೆ ಮಾತು ಹೊರಡಲಿಲ್ಲ. ಅವಳು ಮತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಹೊರಗೆ ಯಾವುದೋ ಲಾರಿಯ ಸಡಿಲ ತಾಡಪಾಲು ಪಟಪಟ ಬಡಿದುಕೊಳ್ಳುತ್ತ ಹೋಯಿತು.

"ಏನಂದ್ರು ಅವ್ವಾರು?" ಅವನು ಪಿಸುಗುಟ್ಟಿದ.

"ಅದನ್ನ ನೀವ ಹೇಳಬೇಕಲ್ರಿ! ಗಾಳಿ ಬಿಡಿಸೋರು ನೀವಲ್ಲ?"

"ನಾನಾ? ಅಯ್ಯೋ... ನಾನು ಫ್ಯಾನಿನ ಕಂಪನಿಯವ ರಿ! ಗುಡ್ಡದ ಮ್ಯಾಲ ದೊಡ್ಡ ದೊಡ್ಡ ಫ್ಯಾನ್ ಕುಂದ್ರಸ್ತಾರಲ್ಲ, ಕರೆಂಟಿಗೆ. ಅದಕ್ಕಿಂತ ಮೊದಲು ಗುಡ್ಡ ಹತ್ತಿ ಗಾಳಿ ಎಷ್ಟೈತಿ ಅಂತ ಅಳೆಯೋದು ನನ್ನ ಕೆಲಸ."

"ಮತ್ತ ಹಿಡಿಯಾಕ ಅಂದ್ರಿ?"

"ಮಷೀನಿನ್ಯಾಗ ಹಿಡದ ಮ್ಯಾಲ ಅಲ್ರಿ ಅಳೆಯೋದು..."

ಗಾಳೆಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರಗಂಡಸನ್ನು ಕೈ ಹಿಡಿದು ಕರೆದಂತೆ ಒಳಮನೆಗೆ ಕರೆದುಕೊಂಡು ಬಂದಿದ್ದಳಲ್ಲ! ನಾಚಿಕೆಗೆ ಸಿಟ್ಟು ಬಂತು, ಸಿಟ್ಟಿಗೆ ಅಳು ಬಂತು. ಅವನು ಮಾತ್ರ ನಗಲಿಲ್ಲ. ಮಂಚದ ಕಡೆ ಒಮ್ಮೆ ನೋಡಿ, ಸದ್ದಾಗದಂತೆ ಹೊರಗೆ ಬಂದ. ಅವನು ನಗದಿದ್ದದ್ದೇ ಅವಳ ಮನಸ್ಸಿಗೆ ಮೊದಲು ತಾಗಿದ್ದು.

"ಹೆಸರೇನ್ರಿ ನಿಮ್ಮದು?"

"ಅಂಜಿನೇಯಲು. ಎಲ್ಲಾರು ಅಂಜಿನಿ ಅಂತಾರ."

"ಹೆಸರಿನ್ಯಾಗ ಇರೋ ಅಂಜಿಕಿ ಎದ್ಯಾಗೂ ಒಂದೀಟು ಇರ್ಲಿ. ಆ ಗುಡ್ಡಕ್ಕ ಹೋಗಬ್ಯಾಡ್ರಿ. ನಮ್ಮಪ್ಪ ಅಲ್ಲೇ ಹೋಗ್ಯಾನ."

ಅವನು ತಲೆ ತಗ್ಗಿಸಿದ.

"ಹೋಗಲೇಬೇಕ್ರಿ. ಆಷಾಢ ಮುಗದ ಮ್ಯಾಲ ಅಳೆದ್ರ ಏನ್ ಬಂತು? ಒಂದ್ ವಾರ ಮ್ಯಾಲೇ ಇರಬೇಕು. ಗುಡ್ಡದ ಕೆಳಗಿನ ಹಳ್ಳ್ಯಾಗ ಹೊರಾಕ ಆಳು ಕೇಳಿದ್ರ, ಗಾಳಿ ಕೆಲಸ ಅಂದಕೂಡ್ಲೇ ಬಾಗಲ ಹಾಕ್ಕೊಂಡ್ರು. ಒಬ್ಬನೇ ಹೊರಬೇಕು. ಕಂಪನಿ ಡೇರೆ ಹೊತ್ತು ಮೂರು ಗುಡ್ಡ ಹತ್ತಿ ಬೆನ್ನು ಬಿದ್ದೈತಿ. ಹಗುರಾದದ್ದು ಒಂದು ಬೇಕು. ಅದನ್ನ ಕೇಳಾಕ ಬಂದಿದ್ದೆ."

ಹಗುರಾದದ್ದು...

ಅವ್ವನ ಮಾತು ಕಿವಿಯಲ್ಲಿ ಮತ್ತೆ ಗುಂಯ್‌ಗುಟ್ಟಿತು. ಒಲ್ಲೆ ಅನ್ನಬೇಕೆಂದು ಬಾಯಿ ತೆರೆದಳು. ತಾನು ಒಲ್ಲೆ ಅಂದರೆ ಇವನು ಈ ಭಾರದ ಡೇರೆಯನ್ನೇ ಹೊತ್ತು ಹೋಗುತ್ತಾನೆ. ಭಾರಾದದ್ದು ಏನು ಮಾಡುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ನಾಳೆ ಬರ್ರಿ," ಅಂದಳು. "ನಿಮ್ಮ ಹತ್ರ ಇರೋ ಡೇರೆ ಎಲ್ಲಾ ತಗೊಂಡು ಬರ್ರಿ. ನೋಡಿ ಆರಿಸೋಣು."

*

ಸಂಜೆ ಜಂಬಯ್ಯ ಬಂದ. ಬರಬೇಕಾದ ಮಂತ್ರವಾದಿ ಬಂದಿರಲಿಲ್ಲ. ಕರಿಗಲ್ಲ ಗುಡ್ಡದ ಹೆಸರು ಕೇಳಿ ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಹೋದನಂತೆ! ಗಾಳಿ ಬಿಡಿಸುವವನೇ ಗಾಳಿಗೆ ಹೆದರಿದ ಮೇಲೆ ಉಳಿದವರ ಪಾಡೇನು?

ತಂಗಿ ಆಡಿದ ಎರಡು ಮಾತು ಕೇಳಿ ಜಂಬಯ್ಯನ ಮುಖ ಬಿಳಿಚಿತು.

"ಮೈಲಾರದ ಜಾತ್ರ್ಯಾಗ ಭವಿಷ್ಯ ನುಡಿಯೋ ಕಾರಣಿಕ ಇದ್ದಂಗ ಐತಲ್ಲವ್ವಾ ಮಾತು! ಭಾರಾದದ್ದೂ ಉಳಿಯಂಗಿಲ್ಲ, ಹಗುರಾದದ್ದೂ ಉಳಿಯಂಗಿಲ್ಲ. ಅಂದ್ರ ಏನು? ಆ ಹುಡುಗ ಯಾವ ಡೇರೆ ಒಯ್ದ್ರೂ ತಿರುಗಿ ಬರಂಗಿಲ್ಲ ಅಂತ ಅರ್ಥ. ನೀ ಕೈ ಹಾಕಬ್ಯಾಡ. ನಿಮ್ಮಪ್ಪ ಹೊಲದ ಡೇರೆ ನಿಮ್ಮಪ್ಪನ್ನ ಒಯ್ತು. ನಾಳೆ ನೀ ಹೊಲದದ್ದು ಅವನ್ನ ಒಯ್ತು ಅಂದ್ರ ಜನ ಏನಂದಾರು?"

ಜನ ಏನೆಂದಾರು ಅನ್ನುವುದು ಗಾಳೆಮ್ಮನಿಗೆ ಚಿಂತೆಯಾಗಲಿಲ್ಲ. ‘ಅವನ್ನ ಒಯ್ತು’ ಅನ್ನುವ ಮಾತು ಮಾತ್ರ ಮುಳ್ಳಿನ ಹಾಗೆ ಕೂತಿತು. ಒಂದೇ ದಿನ ಕಂಡವನು ತಿರುಗಿ ಬರದಿದ್ದರೆ ನನಗೇಕೆ ಇಷ್ಟು ಸಂಕಟ?

ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬತ್ತಿ ಏರಿಸಿ, ಕತ್ತರಿ ಒರೆಸಿಟ್ಟಳು.

*

ಅಂಗಡಿಯ ಹಿಂದೆ ಖಾಲಿ ಜಾಗವಿತ್ತು. ಮರುದಿನ ಅಂಜಿನಿ ಅಲ್ಲಿ ಎರಡು ಡೇರೆ ಬಿಚ್ಚಿ ಹಾಸಿದ.

ಮೊದಲನೆಯದು ಕಂಪನಿಯದು. ಗಾಳೆಮ್ಮ ಪಕ್ಕದ ಶೇಂಗಾ ಅಂಗಡಿಯ ತಕ್ಕಡಿಗೆ ಅದನ್ನು ಏರಿಸಿದಳು. ಎರಡು ತಕ್ಕಡಿ ಕಲ್ಲು ಸಾಲದೆ ಮೂರನೆಯದು ಹಾಕಬೇಕಾಯಿತು. ಕೊಡದ ನೀರನ್ನು ಕ್ಯಾನ್ವಾಸಿನ ಮೂಲೆಗೆ ಸುರಿದಳು. ಬಟ್ಟೆ ಗಟಗಟ ಕುಡಿಯಿತು.

"ನೋಡ್ರಿ. ಒಣಗಿದ್ದಾಗ ಇದು ಎಮ್ಮಿ ಕರ. ಮಳಿ ಬಂದ್ರ ಕೋಣ."

ಎರಡನೆಯದು ಬೆಂಗಳೂರಿನಲ್ಲಿ ಯಾರೋ ಸ್ನೇಹಿತ ಕೊಟ್ಟದ್ದು. ಗುಬ್ಬಚ್ಚಿಯ ಹಾಗೆ ಹಗುರ. ಕೊಡವಿದರೆ ತಾನೇ ಬಿಚ್ಚಿಕೊಂಡು ಎದ್ದು ಕೂರುತ್ತಿತ್ತು. ಆದರೆ ಬಗ್ಗುವ ಕಡ್ಡಿಯೊಂದು ಆಗಲೇ ಸೀಳಿತ್ತು. ಅಂಜಿನಿ ಒಳಗೆ ತೂರಿ ಮಲಗಿದ. ಕಾಲು ಹೊರಗೇ ಉಳಿಯಿತು.

"ಇದರಾಗ ಮಲಗಿದ್ರ ನಿಮ್ಮ ತಲಿ ಕೂಡ್ಲಿಗ್ಯಾಗ, ಕಾಲು ಕೊಟ್ಟೂರಾಗ!" ಗಾಳೆಮ್ಮ ನಕ್ಕುಬಿಟ್ಟಳು. ನಕ್ಕ ಮೇಲೆ ತನಗೇ ಆಶ್ಚರ್ಯವಾಯಿತು. ಈ ಹಿತ್ತಲಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ!

ಅಂಜಿನಿ ಡೇರೆಯೊಳಗಿಂದಲೇ ಕೇಳಿದ, "ಮತ್ತ ಏನ್ ಮಾಡೋಣು?"

ಅವಳು ಹೊಲಿಗೆಯ ಮೇಲೆ ಉಗುರು ಆಡಿಸಿದಳು. ಸೂಜಿಯ ತೂತಿನಿಂದ ಬೆಳಕು ಕಾಣುತ್ತಿತ್ತು. "ಹೊಲಿಗಿಗೆ ಮೇಣ ಹಚ್ಚಿಲ್ಲ. ಒಂದ್ ಮಳಿಗೆ ಒಳಗ ಸೋರತೈತಿ. ಇವೆರಡೂ ಬ್ಯಾಡ. ಛತ್ರಿ ಬಟ್ಟಿ ತರಿಸ್ತೀನಿ. ನೀರು ಕುಡಿಯಂಗಿಲ್ಲ, ಮಡಿಚಿದ್ರ ಬಗಲಾಗ ಹಿಡಸತೈತಿ. ಕಬ್ಬಿಣ ಬ್ಯಾಡ, ಎರಡು ಬಿದಿರ ಕೋಲು ಸಾಕು. ಹತ್ತುವಾಗ ಅವೇ ಊರುಗೋಲು. ಗೂಟನೂ ಬ್ಯಾಡ. ಆ ಬಂಡಿಗಲ್ಲಿನ ಮ್ಯಾಲ ಗೂಟ ಇಳಿಯಂಗಿಲ್ಲ. ಹಗ್ಗಕ್ಕ ಕಲ್ಲು ಕಟ್ರಿ. ಕಲ್ಲು ಗುಡ್ಡದ ಮ್ಯಾಲ ಪುಕ್ಸಟ್ಟೆ ಸಿಗತಾವ."

ಅವನು ಬೆರಗಾಗಿ ಅವಳನ್ನೇ ನೋಡುತ್ತಿದ್ದ. ಆ ನೋಟಕ್ಕೆ ಅವಳ ಕೈಯ ಟೇಪು ಗಂಟು ಬಿತ್ತು.

"ಒಬ್ಬರು ಮಲಗೋದೋ, ಇಬ್ಬರು ಮಲಗೋದೋ?" ಟೇಪು ಬಿಡಿಸುತ್ತ ಕೇಳಿದಳು.

"ಇಬ್ಬರದ್ದು."

"ಒಬ್ಬರ ಹೋಗೋದು ಅಂದ್ರಲ್ರಿ?"

"ಹೌದ್ರಿ. ಆದ್ರ ಅದು ನನ್ನ ಸಂಗಾಟ ಇರಬೇಕಲ್ಲ! ಹೊರಗ ಬಿಟ್ರ ತಾಳಂಗಿಲ್ಲ. ಬಾಳ ನಾಜೂಕು. ಮಳಿ ತಾಕಬಾರ್ದು, ಬಿಸಲು ತಾಕಬಾರ್ದು. ಮಗ್ಗಲಾಗ ಇಟ್ಕೊಂಡ ಮಲಗಬೇಕು."

ಹಾಗೆ ಅಂದವನು ಮುದ್ದಾಗಿ ನಕ್ಕ.

ನಮ್ಮ ಸೀಮೆಯ ಗಂಡಸರಿಗೆ ಒಂದು ಚಾಳಿ. ಕಟ್ಟಿಕೊಂಡವಳನ್ನೋ, ಕಟ್ಟಿಕೊಳ್ಳಬೇಕಾದವಳನ್ನೋ ಹೊರಗಿನವರ ಮುಂದೆ ಹೆಸರು ಹಿಡಿದು ಹೇಳಲು ನಾಚಿಕೆ. ‘ಅದು ತವರಿಗೆ ಹೋಗೈತಿ’, ‘ಅದಕ್ಕ ಆರಾಮಿಲ್ಲ’ ಅನ್ನುತ್ತಾರೆ. ಪ್ರೀತಿ ಹೆಚ್ಚಾದಷ್ಟೂ ಹೆಣ್ಣು ‘ಅದು’ ಆಗುತ್ತಾಳೆ. ಎರ್ರೆಪ್ಪ ಕೂಡ ಲಕ್ಷ್ಮಿದೇವಿಯನ್ನು ಹಾಗೇ ಅನ್ನುತ್ತಿದ್ದ. ಅಪ್ಪ ‘ಅದು’ ಅನ್ನುವಾಗ ಮುಖದಲ್ಲಿ ಮೂಡುತ್ತಿದ್ದ ನಗು ಗಾಳೆಮ್ಮನಿಗೆ ಇನ್ನೂ ನೆನಪಿತ್ತು. ಅದೇ ನಗು ಈಗ ಇವನ ಮುಖದಲ್ಲಿ!

ಯಾರೋ ಇದ್ದಾಳೆ ಹಾಗಾದರೆ... ನಾಜೂಕಿನವಳು. ಬಿಸಿಲು ಕಾಣದವಳು. ನನ್ನ ಹಾಗೆ ದಬ್ಬಳ ಹಿಡಿದು ಅಂಗೈ ಒರಟಾದವಳಲ್ಲ.

"ಆತು," ಅಂದಳು. "ಇಬ್ಬರದ್ದೇ ಹೊಲೀತೀನಿ."

ಮತ್ತೆ ಅವಳು ನಗಲಿಲ್ಲ. ಯಾಕೆ ಅಂತ ಆ ದಡ್ಡನಿಗೆ ತಿಳಿಯಲೂ ಇಲ್ಲ.

*

ಛತ್ರಿ ಬಟ್ಟೆ ದಾವಣಗೆರೆಯಿಂದ ಬಂತು. ಗಾಳೆಮ್ಮ ಹೊಲಿಯುತ್ತ ಕೂತಳು. ಅಂಜಿನಿ ಸುತ್ತಲಿನ ಸಣ್ಣ ಗುಡ್ಡಗಳನ್ನು ಮುಗಿಸಿ ದಿನವೂ ಸಂಜೆ ಬರುತ್ತಿದ್ದ. ಒಂದು ದಿನ ಕಾರೆಹಣ್ಣು ತಂದ, ಒಂದು ದಿನ ಗುಡ್ಡದ ಮೇಲೆ ಕಂಡ ಕರಡಿಯ ಕಥೆ ತಂದ. ಒಳಮನೆಯ ಬಾಗಿಲಲ್ಲಿ ನಿಂತು, "ಅವ್ವಾರ, ಊಟ ಆತೇನ್ರಿ?" ಅಂತ ಕೇಳುವುದನ್ನು ಮರೆಯುತ್ತಿರಲಿಲ್ಲ. ಉತ್ತರ ಬರುತ್ತಿರಲಿಲ್ಲ. ಆದರೂ ಕೇಳುತ್ತಿದ್ದ.

ಬೇರೆಯವಳ ಗಂಡಾಗುವವನು ನಮ್ಮವ್ವನ ಊಟದ ಚಿಂತೆ ಯಾಕೆ ಮಾಡಬೇಕು? ಗಾಳೆಮ್ಮ ಹಲ್ಲು ಕಚ್ಚಿ ದಾರ ಕಡಿಯುತ್ತಿದ್ದಳು.

ಅಪ್ಪನ ಪ್ರತಿ ತಾಡಪಾಲಿಗೂ ಎರಡೂ ತುದಿಯಲ್ಲಿ ಅಂಗೈಯಗಲದ ಕಂಡಿ ಇರುತ್ತಿತ್ತು. ಲೋಡಿನ ಮುಗ್ಗುವಾಸನೆ ಹೋಗಲಿಕ್ಕೆ ಇರಬೇಕು ಅಂದುಕೊಂಡು ಅವಳೂ ಬಿಡುತ್ತಿದ್ದಳು. ಈ ಡೇರೆಗೂ ಹಾಗೇ ತಲೆಯ ಕಡೆ ಒಂದು, ಕಾಲ ಕಡೆ ಒಂದು ಗಾಳಿಕಂಡಿ ಬಿಟ್ಟಳು.

ಹಿತ್ತಲಲ್ಲಿ ಡೇರೆ ಕಟ್ಟಿ ನೋಡಿದರು. ಕರಿ ಛತ್ರಿ ಬಟ್ಟೆಯ ಡೇರೆ ಎರಡು ಕೋಲಿನ ಮೇಲೆ ಬಿಗಿಯಾಗಿ ನಿಂತಿತು. ತಕ್ಕಡಿಗೆ ಹಾಕಿದರೆ ಮೂರು ಕಿಲೋ ಕಲ್ಲನ್ನೂ ಮೇಲೆತ್ತಲಿಲ್ಲ, ಅಷ್ಟು ಹಗುರ. ಅಂಜಿನಿ ಒಳಗೆ ಮಲಗಿದ. ಒಂದು ಪಕ್ಕ ಜಾಗ ಬಿಟ್ಟು ಮಲಗಿದ್ದನ್ನು ಅವಳು ನೋಡಿದಳು. ಕಣ್ಣು ಬೇರೆ ಕಡೆ ಹೊರಳಿಸಿದಳು.

ಅಷ್ಟರಲ್ಲಿ ಗಾಳಿ ಬೀಸಿತು. ಕಂಡಿಯಿಂದ ಸುಯ್ಯೆಂದು ಸಿಳ್ಳೆ ಬಂತು, ಯಾರೋ ಕರೆದ ಹಾಗೆ. ಅಂಜಿನಿ ಎದ್ದು ಕೂತು ಒಂದರ ಮೇಲೊಂದು ಸೀನಿದ.

"ನೆತ್ತಿ ಮ್ಯಾಲೇ ಬೀಸತೈತ್ರಿ! ಗುಡ್ಡದ ಮ್ಯಾಲ ಥಂಡಿಗೆ ಹೆಪ್ಪುಗಟ್ಟತೀನೋ ಏನೋ..." ಅಂತ ನಕ್ಕ.

ಒಳಮನೆಯ ಕಿಟಕಿಯಲ್ಲಿ ಲಕ್ಷ್ಮಿದೇವಿ ಸರಳು ಹಿಡಿದು ನಿಂತಿದ್ದಳು. ಆ ಸಿಳ್ಳೆ ಕೇಳಿ ಅವಳ ಮುಖದಲ್ಲಿ ಏನೋ ಸಮಾಧಾನದ ಹಾಗೆ ಮೂಡಿ ಮಾಯವಾಯಿತು. ಗಾಳೆಮ್ಮ ಅದನ್ನು ಕಾಣಲಿಲ್ಲ. ಕಂಡಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

ಅವಳ ಕಿವಿಯಲ್ಲಿ ಉಳಿದದ್ದು ಸೀನು ಮಾತ್ರ. ಹೆಪ್ಪುಗಟ್ಟತೀನೋ ಏನೋ ಅನ್ನುವ ಮಾತು ಮಾತ್ರ.

ಅವನು ಹೊರಡುವ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದಳು. ಉಳಿದ ಬಟ್ಟೆಯಲ್ಲಿ ಅಂಗೈಯಗಲದ ಎರಡು ತುಂಡು ಕತ್ತರಿಸಿದಳು. ಎರಡೂ ಕಂಡಿಗೆ ಜೋಡಿ ಹೊಲಿಗೆ ಹಾಕಿ ತೇಪೆ ಹಚ್ಚಿದಳು. ಮೇಣ ಉಜ್ಜಿದಳು.

‘ಯಾರ ಮಗ್ಗಲಾಗರ ಮಲಗಲಿ. ಅವಗ ಥಂಡಿ ಹತ್ತಬಾರದು.’

ಕೊನೆಯ ಹೊಲಿಗೆಗೆ ದಬ್ಬಳ ಟಪ್ ಅಂತ ಮುರಿಯಿತು. ಆದರೂ ಇನ್ನೊಂದು ದಬ್ಬಳ ತೆಗೆದು ಹೊಲಿಗೆ ಮುಗಿಸಿದಳು.

ಅಂಜಿನಿ ಡೇರೆ ಹೆಗಲಿಗೇರಿಸಿಕೊಂಡು ಬಹಳ ಹೊತ್ತು ನಿಂತ.

"ಏನಾರ ಹೇಳೋದೈತೇನ್ರಿ?"

ಹೇಳುವುದು ಎದೆಯ ತುಂಬ ಇತ್ತು. "ಇಬ್ಬರೂ ಹುಷಾರು," ಅಂದಳು ಅವಳು. ತಲೆ ಎತ್ತಲಿಲ್ಲ.

"ಇಬ್ಬರೂ?" ಅವನು ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಬಸ್ಸು ಬಂತು.

*

ಮೂರನೆಯ ದಿನ ಗಾಳಿಯ ಧಾಟಿಯೇ ಬದಲಾಯಿತು.

ಬೆಳಿಗ್ಗೆಯಿಂದಲೇ ಹೈವೇ ಬದಿಯ ಬೇವಿನ ಮರಗಳು ನೆಲಕ್ಕೆ ಬಾಗಿ ಏಳುತ್ತಿದ್ದವು. ಮನೆಗಳ ತಗಡು ಕಿರುಗುಟ್ಟುತ್ತಿದ್ದವು. ಗುಡ್ಡದ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಗುಂಪುಗಟ್ಟಿತು. ಆ ಗುಡ್ಡದ ಮೇಲೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಗಾಳೆಮ್ಮ ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಹಾಕಿದಳು.

ಹಿಂದೆ ಹೆಜ್ಜೆ ಸದ್ದಾಯಿತು. ಲಕ್ಷ್ಮಿದೇವಿ! ಆರು ವರ್ಷ ಅಂಗಡಿಯ ಹೊಸ್ತಿಲು ದಾಟದವಳು ಗಾಳಿಗೆ ಹೆದರಿ ಮಗಳ ಹತ್ತಿರ ಬಂದಿದ್ದಳು. ಬಂದವಳ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಛತ್ರಿ ಬಟ್ಟೆಯ ಚೂರಿನ ಮೇಲೆ ಬಿತ್ತು. ಅದರಲ್ಲಿ ಅಂಗೈಯಗಲದ ಎರಡು ತೂತು.

ಅವಳು ಅದನ್ನು ಎತ್ತಿಕೊಂಡಳು. ತೂತುಗಳ ಅಂಚಿನ ಮೇಲೆ ಬೆರಳಾಡಿಸಿದಳು.

"ಕಂಡಿಗೆ ತ್ಯಾಪಿ ಹಚ್ಚಿದೇನ?"

"ಹೂಂ ಅವ್ವಾ... ಥಂಡಿ ಹತ್ತತೈತಿ ಅಂತ..."

ಲಕ್ಷ್ಮಿದೇವಿ ಚಿಟ್ಟನೆ ಚೀರಿದಳು. ಎದುರಿನ ಚಹಾದ ಅಂಗಡಿಯಲ್ಲಿದ್ದ ಜಂಬಯ್ಯ ಓಡಿ ಬಂದ.

"ನಾನೂ ಹಂಗ ಅಂದಕೊಂಡೆ! ನಿಮ್ಮಪ್ಪಗ ಕೆಮ್ಮು ಇತ್ತು... ಕಂಡಿ ಮುಚ್ಚಬ್ಯಾಡ ಅಂತಿದ್ದ. ಅವ ಉಣ್ಣಾಕ ಕುಂತಾಗ, ಅವಗ ಗೊತ್ತಾಗದಂಗ ಎರಡೂ ಕಡಿ ತ್ಯಾಪಿ ಹಚ್ಚಿದೆ. ಥಂಡಿ ಹತ್ತಬಾರದು ಅಂತ ಹಚ್ಚಿದೆ! ಗಾಳಿಗೆ ಹೋಗಾಕ ದಾರಿ ಇಲ್ಲ... ಡೇರೆನ್ನ ಕಿತ್ತು ಅವನ ಮ್ಯಾಲ ಹಾಕಿತು. ಗುಡ್ಡ ಒಯ್ಲಿಲ್ಲ ಅವನ್ನ. ನಾ ಒಯ್ದೆ... ನಾ!"

ಗಾಳೆಮ್ಮ ಅವ್ವನ ಕೈಯ ಚೂರನ್ನೇ ನೋಡಿದಳು.

"ಭಾರಾದದ್ದು ಬೀಳತೈತಿ, ಹಗುರಾದದ್ದು ಹಾರತೈತಿ," ಲಕ್ಷ್ಮಿದೇವಿ ಬಿಕ್ಕಿದಳು. "ಕಂಡಿ ಇದ್ದದ್ದು ನಿಂದರತೈತಿ! ನಿಮ್ಮಪ್ಪ ಹೊಲಿಯಾಕ ಕುಂತಾಗೆಲ್ಲ ಅನ್ನೋ ಮಾತವ್ವಾ ಇದು. ಮೂರನೇದು ನನ್ನ ಬಾಯಾಗ ಬರತಿದ್ದಿಲ್ಲ..."

ಕಾರಣಿಕವೂ ಅಲ್ಲ, ಶಾಪವೂ ಅಲ್ಲ. ತಾಡಪಾಲು ಹೊಲಿಯುವವನ ಗಾದೆ! ಆರು ವರ್ಷ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದು ಗಾಳಿ ಸೋಕಿ ಅಲ್ಲ. ಪ್ರೀತಿಯಿಂದ ಹಚ್ಚಿದ ತೇಪೆಯ ಭಾರಕ್ಕೆ.

ಅದೇ ತೇಪೆಯನ್ನು ತಾನೂ ಹಚ್ಚಿದ್ದೇನೆ!

ಗಾಳೆಮ್ಮ ಅವ್ವನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. "ಥಂಡಿ ಹತ್ತಬಾರದು ಅಂದಿ ಅಷ್ಟ ಅವ್ವಾ... ಕೊಲ್ಲಬೇಕು ಅನ್ಲಿಲ್ಲ. ನಾನೂ ಅಷ್ಟ ಅಂದೆ."

ಲಕ್ಷ್ಮಿದೇವಿ ಕಣ್ಣೊರೆಸಿಕೊಂಡು ಗೋಡೆಯ ಮೊಳೆಯಿಂದ ಎರ್ರೆಪ್ಪನ ಕತ್ತರಿ ತೆಗೆದಳು. ಮಗಳ ಕೈಗೆ ಕೊಟ್ಟಳು.

"ಹೋಗು. ಬಿಚ್ಚು ಅದನ್ನ. ಓಡು!"

*

ಬಸ್ಸು ಗುಡ್ಡದ ಹಳ್ಳಿಗೆ ಮುಟ್ಟಿದಾಗ ಮಧ್ಯಾಹ್ನವೇ ಸಂಜೆಯ ಹಾಗೆ ಕತ್ತಲಿಟ್ಟಿತ್ತು. ಜಂಬಯ್ಯ ಗುಡ್ಡದ ಬುಡದ ಹುಣಸೆಮರದವರೆಗೆ ಬಂದ. ಅಲ್ಲಿ ಮರಕ್ಕೆ ಒರಗಿ ನಿಂತುಬಿಟ್ಟ.

"ನಾ ಇಲ್ಲೇ ದೇವ್ರಿಗೆ ಕೈ ಮುಗಕೊಂತ ನಿಂದರ್ತೀನವ್ವಾ... ಹುಷಾರು!"

ಗಾಳೆಮ್ಮ ತಿರುಗಿ ನೋಡಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಹತ್ತಿದಳು. ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಬಂಡೆಯ ಸಂದಿಗಳಲ್ಲಿ ಊಳಿಡುತ್ತಿತ್ತು. ಮಳೆಹನಿ ಮುಖಕ್ಕೆ ಕಲ್ಲಿನಂತೆ ಬಡಿಯಿತು. ಅಪ್ಪ ಹತ್ತಿದ ದಾರಿ ಇದೇ. ಅಪ್ಪ ಇಳಿಯದ ದಾರಿ ಇದೇ.

‘ನಮ್ಮಪ್ಪನ್ನ ತಗೊಂಡಿ. ಸಾಕು. ಇವನು ನನ್ನವನಲ್ಲದಿದ್ರೂ ಬಿಡು... ಯಾರಿಗಾರ ಬದುಕಿಕೊಂಡಿರಲಿ!’

ನೆತ್ತಿ ಮುಟ್ಟಿದವಳು ಕಣ್ಣಿನ ನೀರೊರೆಸಿಕೊಂಡು ಡೇರೆ ಹುಡುಕಿದಳು.

ಕರಿ ಡೇರೆ ಹೊಟ್ಟೆಯುಬ್ಬಿಸಿಕೊಂಡು ನೆಲ ಬಿಟ್ಟು ಏಳುತ್ತಿತ್ತು, ಬೀಳುತ್ತಿತ್ತು. ಹಗ್ಗಕ್ಕೆ ಕಟ್ಟಿದ ಕಲ್ಲುಗಳು ಬಂಡೆಯ ಮೇಲೆ ಗರಗರ ಎಳೆದುಕೊಂಡು ಹೋಗುತ್ತಿದ್ದವು, ಆಚೆಯ ಕೊರಕಲಿನ ಕಡೆಗೆ! ಒಳಗಿನಿಂದ ಎರಡು ಕೈಗಳು ಕೋಲನ್ನು ಅವುಚಿ ಹಿಡಿದದ್ದು ಬಟ್ಟೆಯ ಮೇಲೆ ಮೂಡಿ ಕಾಣುತ್ತಿತ್ತು.

"ಅಂಜಿನೀ!"

ಗಾಳಿ ಆ ಕೂಗನ್ನು ನುಂಗಿತು.

ಅವಳು ಓಡಿದಳು. ಮೇಲೇಳುತ್ತಿದ್ದ ಅಂಚಿನ ಮೇಲೆ ಮೈಯೊಡ್ಡಿ ಬಿದ್ದಳು. ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯ ಕಡೆಯ ತೇಪೆಗೆ ಕತ್ತರಿ ಹಾಕಿದಳು. ಜೋಡಿ ಹೊಲಿಗೆ! ಅಷ್ಟು ಗಟ್ಟಿಯಾಗಿ ಯಾಕಾದರೂ ಹೊಲಿದೆನೋ ಅಂತ ಅಳುತ್ತಲೇ ಕತ್ತರಿಸಿದಳು. ತೇಪೆ ಹರಿಯಿತು. ಡೇರೆ ಇನ್ನಷ್ಟು ಉಬ್ಬಿ ಅವಳನ್ನೂ ಎಳೆದುಕೊಂಡು ಜಾರಿತು. ಗಾಳಿ ಒಳಗೆ ನುಗ್ಗಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ.

ಇನ್ನೊಂದು... ಕಾಲ ಕಡೆಯದು!

ತೆವಳುತ್ತ ಆ ತುದಿಗೆ ಹೋದಳು. ಕೊರಕಲು ಅಲ್ಲಿಂದ ಮಾರು ದೂರದಲ್ಲಿ ಬಾಯಿ ತೆರೆದುಕೊಂಡಿತ್ತು. ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು, ಕತ್ತರಿಯನ್ನು ತೇಪೆಯೊಳಗೆ ಚುಚ್ಚಿ ಎಳೆದಳು.

ಸುಯ್ಯ್...

ಗಾಳಿ ಒಂದು ಕಂಡಿಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಟುಹೋಯಿತು. ಉಬ್ಬಿದ ಹೊಟ್ಟೆ ಇಳಿಯಿತು. ಕಲ್ಲುಗಳು ನಿಂತವು. ಡೇರೆ ನಡುಗುತ್ತಲೇ ಇತ್ತು, ಆದರೆ ನಿಂತಿತ್ತು.

ಬಾಗಿಲಿನ ಗಂಟು ಬಿಚ್ಚಿ ಅಂಜಿನಿ ಹೊರಗೆ ತೆವಳಿದ. ಅಂಗೈ ಸುಲಿದು ರಕ್ತ ಒಸರುತ್ತಿತ್ತು. ಬಿದ್ದಲ್ಲೇ ಕತ್ತರಿ ಹಿಡಿದು ಬಿಕ್ಕುತ್ತಿದ್ದವಳನ್ನು ಕಂಡು ಅವನು ಪಕ್ಕದಲ್ಲಿ ಮೊಣಕಾಲೂರಿದ.

"ನೀ... ನೀವು ಇಲ್ಲಿ?"

"ತ್ಯಾಪಿ ಹಚ್ಚಿದ್ದು ನಾನು! ನಿಮಗ ಥಂಡಿ ಹತ್ತಬಾರದು ಅಂತ ಹಚ್ಚಿದ್ದೆ. ಇನ್ನೊಂದೀಟಿಗೆ ನಾನ ನಿಮ್ಮನ್ನ ಕೊಂದಿರತಿದ್ದೆ..." ಅವಳು ತಟ್ಟನೆ ಗಾಬರಿಯಿಂದ ಎದ್ದಳು. "ಅದು ಎಲ್ಲಿ? ಅದಕ್ಕೇನಾತು?"

"ಯಾವುದು?"

"ನಿಮ್ಮ... ಅದು. ಮಗ್ಗಲಾಗ ಮಲಗೋದು!"

ಅಂಜಿನಿ ಡೇರೆಯೊಳಗೆ ಕೈ ಹಾಕಿ ಹೊರಗೆಳೆದ. ಕಂಬಳಿ ಸುತ್ತಿದ ಒಂದು ಮರದ ಪೆಟ್ಟಿಗೆ. ಅಳೆದ ಗಾಳಿಯ ಲೆಕ್ಕ ಬರೆದಿಡುವ ಮಷೀನು!

"ಇದಾ? ಆರಾಮ ಐತಿ ನೋಡ್ರಿ."

ಗಾಳೆಮ್ಮ ಪೆಟ್ಟಿಗೆಯನ್ನು ನೋಡಿದಳು. ಅವನನ್ನು ನೋಡಿದಳು. ಅಳುತ್ತಿದ್ದವಳಿಗೆ ನಗು ಬಂತು, ನಗುವಿನ ನಡುವೆ ಮತ್ತೆ ಅಳು ಬಂತು.

"ನಾನು... ಹೆಣ್ಣಂತ ತಿಳದಿದ್ದೆ! ‘ಅದು’ ಅಂದ್ರಲ್ಲ, ನಕ್ಕೊಂತ..."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಕಣ್ಣೂ ತುಂಬಿದವು.

"ಬ್ಯಾರೆ ಹೆಣ್ಣು ಮಲಗೋ ಡೇರೆ ಅಂತ ತಿಳದೂ ಥಂಡಿ ಹತ್ತಬಾರದು ಅಂತ ತ್ಯಾಪಿ ಹಚ್ಚಿದಿ? ಈ ಗಾಳ್ಯಾಗ, ಈ ಗುಡ್ಡ ಹತ್ತಿ ಬಂದಿ?"

ಅವನ ಮಾತಿನಿಂದ ‘ರಿ’ ಯಾವಾಗ ಉದುರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಗಾಳೆಮ್ಮಾ... ಇಷ್ಟು ಗುಡ್ಡ ಹತ್ತಿ ಗಾಳಿ ಅಳೆದೀನಿ. ಯಾವ ಗಾಳಿಗೂ ಇಷ್ಟು ಅಂಜಿದ್ದಿಲ್ಲ. ಇವತ್ತು ಕೋಲು ಹಿಡಕೊಂಡು ಒಂದ ಮಾತು ನೆನಸ್ತಿದ್ದೆ. ಅಕಿಗೆ ಹೇಳದ ಸತ್ರ ಹೆಂಗ ಅಂತ."

"ಏನ್ ಹೇಳದು?" ಅವಳು ತಲೆ ತಗ್ಗಿಸಿದಳು.

"ನಿಮ್ಮವ್ವನ ಮುಂದ ಬಂದು ಹೇಳ್ತೀನಿ. ದಿನಾ ಊಟ ಆತೇನ ಅಂತ ಕೇಳ್ತೀನಲ್ಲ, ಅದರ ಹಿಂದ ಅದ ಮಾತು ಇತ್ತು."

"ಅವ್ವ ಈಗ ಮಾತಾಡ್ತಾಳ್ರಿ," ಅಂದಳು ಗಾಳೆಮ್ಮ. "ಜವಾಬು ಕೊಡ್ತಾಳ."

ಅವಳು ಸೀರೆಯ ಸೆರಗು ಹರಿದು ಅವನ ಅಂಗೈಗೆ ಸುತ್ತಿದಳು. ಮಳೆ ಜೋರಾಯಿತು. ಗುಡ್ಡ ಇನ್ನೂ ಊಳಿಡುತ್ತಲೇ ಇತ್ತು. ಕೆಳಗಿನಿಂದ ಜಂಬಯ್ಯ ಒಂದೇ ಸಮ ಕೂಗುತ್ತಿದ್ದದ್ದು ಹರಿದು ಹರಿದು ಕೇಳಿಸಿತು. ಇಬ್ಬರೂ ಡೇರೆ ಇಳಿಸಿ ಮಡಿಚಿದರು. ಮಡಿಚುವಾಗ ಅವಳ ಬೆರಳು ಹರಿದ ಕಂಡಿಯ ಮೇಲೆ ನಿಂತಿತು.

"ಇನ್ನ ಮ್ಯಾಲ ಈ ಡೇರೆ ಹೆಂಗ್ರಿ? ಇಬ್ಬರದ್ದು ಇದು. ಪೆಟ್ಟಿಗಿ ಇಟ್ರ ಜಾಗ ಆಗಂಗಿಲ್ಲ."

"ಪೆಟ್ಟಿಗಿಗೆ ಬ್ಯಾರೆ ಹೊಲದು ಕೊಡು. ಒಬ್ಬರದ್ದು."

"ಹಗುರಾದದ್ದೇನ್ರಿ?"

"ಹಗುರಾದದ್ದು," ಅಂದ ಅಂಜಿನಿ. "ಕಂಡಿ ಇದ್ದದ್ದು."